ಹನ್ನೊಂದು ಪಾಲಿಸಿಯ ಗೃಹಸ್ಥ

ವೆಬ್‌ಸೈಟು ಕೊನೇ ಗಳಿಗೆಯಲ್ಲಿ ಗರಗರ ತಿರುಗುತ್ತ ಕೂತುಬಿಡಬಹುದಿತ್ತು. ಓಟಿಪಿ ನಾನು ಆರು ವರ್ಷದ ಹಿಂದೆ ಬಿಟ್ಟುಕೊಟ್ಟ ನಂಬರಿಗೆ ಹೋಗಿ, ಈಗ ಆ ನಂಬರು ಯಾರ ಕೈಯಲ್ಲಿ ಉಂಟೋ ಅವರು ಫೋನ್ ಮಾಡಿ ಮಲಯಾಳದಲ್ಲಿ ಬೈಯಬಹುದಿತ್ತು. ಪ್ಯಾನ್ ಕಾರ್ಡಿನಲ್ಲಿ ನನ್ನ ಹೆಸರಿಗೆ ಒಂದು ಇನಿಶಿಯಲ್, ಆಧಾರ್ ಕಾರ್ಡಿನಲ್ಲಿ ಎರಡು. ಇವರಿಬ್ಬರೂ ಬೇರೆ ಬೇರೆ ಮನುಷ್ಯರೆಂದು ಕಂಪ್ಯೂಟರು ತೀರ್ಮಾನಿಸಿ ಇಬ್ಬರಿಗೂ ತೆರಿಗೆ ಹಾಕಬಹುದಿತ್ತು. ತೆರಿಗೆ ಬಾಕಿ ಇರಬಹುದಿತ್ತು. ಬಾಕಿಗೆ ಬಡ್ಡಿ, ಬಡ್ಡಿಯ ಮೇಲೆ ದಂಡ, ದಂಡಕ್ಕೊಂದು ನೋಟಿಸು, ಆ ನೋಟಿಸಿನ ಪ್ರತಿಯೊಂದು ನನ್ನ ಮೇಲಧಿಕಾರಿಯ ಮೇಜಿಗೆ ಹೋಗಬಹುದಿತ್ತು. ನಾನು ಕೆಲಸ ಮಾಡುವುದು ಕೊಚ್ಚಿ ಬಂದರಿನ ವಿಲ್ಲಿಂಗ್ಡನ್ ಐಲ್ಯಾಂಡಿನಲ್ಲಿರುವ ಸುಂಕದ ಕಚೇರಿಯಲ್ಲಿ. ‘ಸುಂಕ ವಸೂಲಿ ಮಾಡುವವನಿಂದಲೇ ತೆರಿಗೆ ವಂಚನೆ’ ಎಂದು ಮಲಯಾಳ ಪತ್ರಿಕೆಯ ಒಳಪುಟದಲ್ಲಿ ಬಂದು, ಪಕ್ಕದಲ್ಲಿ ನನ್ನ ಗುರುತಿನ ಚೀಟಿಯ ಫೋಟೋ ಹಾಕಬಹುದಿತ್ತು. ಆ ಫೋಟೋದಲ್ಲಿ ನಾನು ಈಗಾಗಲೇ ಸಿಕ್ಕಿಬಿದ್ದವನ ಹಾಗೆಯೇ ಇದ್ದೇನೆ. ಆ ಪತ್ರಿಕೆ ನನ್ನೂರು ಕಾಸರಗೋಡಿಗೂ ಹೋಗುತ್ತದೆ. ನನ್ನ ಅಕ್ಕನ ಗಂಡ, ಅಂದರೆ ಭಾವ, ಮುನಿಸಿಕೊಂಡು ಮುಂದಿನ ಮದುವೆಯ ಪಂಕ್ತಿಯಲ್ಲಿ ನನ್ನ ಎದುರಿನ ಎಲೆಯಿಂದ ಎದ್ದು ಬೇರೆ ಕಡೆ ಕೂರಬಹುದಿತ್ತು. ನನ್ನ ಚೀಲದ ತಳದಲ್ಲಿದ್ದದ್ದನ್ನು ಕಂಡು ಹೆಂಡತಿ ತನ್ನ ತವರು ಮೈಸೂರಿನ ಬಸ್ಸು ಹತ್ತಬಹುದಿತ್ತು.

ಇಷ್ಟನ್ನೂ ಎರ್ನಾಕುಳಂನಿಂದ ತಿರುವನಂತಪುರಕ್ಕೆ ಹೋಗುವ ರೈಲಿನಲ್ಲಿ, ಕಾಯಂಕುಳಂ ದಾಟುವುದರೊಳಗೆ ಯೋಚಿಸಿ ಮುಗಿಸಿದ್ದೆ. ಕೊಲ್ಲಂವರೆಗೆ ಯೋಚಿಸಲು ಏನೂ ಉಳಿಯದೆ, ರೈಲೇ ಹಳಿ ತಪ್ಪಿದರೆ ಎಂದು ಯೋಚಿಸಿದೆ.

ವಿಷಯ ಇದು. ನನ್ನ ಹೆಂಡತಿ ಬ್ಯಾಂಕಿನಲ್ಲಿ ಅಧಿಕಾರಿ. ಒಂಬತ್ತು ವರ್ಷದ ಹಿಂದೆ ಅವಳಿಗೆ ತಿರುವನಂತಪುರಕ್ಕೆ ವರ್ಗವಾಯಿತು. ಶ್ರೀಕಾರ್ಯಂನಲ್ಲಿ ಒಂದು ಬಾಡಿಗೆ ಮನೆ ಮಾಡಿ ಮಗಳನ್ನು ಕರೆದುಕೊಂಡು ಅವಳು ಅಲ್ಲಿ; ಕ್ವಾರ್ಟರ್ಸಿನ ಎರಡು ಕೋಣೆ, ಒಂದು ಕುಕ್ಕರು ಹಿಡಿದುಕೊಂಡು ನಾನು ಕೊಚ್ಚಿಯಲ್ಲಿ. ಶುಕ್ರವಾರ ಸಂಜೆ ರೈಲು ಹತ್ತಿ ಗಂಡನಾಗಲು ಹೋಗುವುದು, ಭಾನುವಾರ ಸಂಜೆ ರೈಲು ಹತ್ತಿ ಬ್ರಹ್ಮಚಾರಿಯಾಗಲು ಬರುವುದು. ಇದಕ್ಕೆ ನಾವು ಎಷ್ಟು ಒಗ್ಗಿಹೋಗಿದ್ದೆವೆಂದರೆ, ಜಗಳವನ್ನು ಕೂಡ ಶನಿವಾರಕ್ಕೆ ಇಟ್ಟುಕೊಳ್ಳುತ್ತಿದ್ದೆವು.

ಈ ವರ್ಷ ಮಗಳ ಪ್ಲಸ್ ಟು ಮುಗಿದು, ಕೊಚ್ಚಿಯ ಪಕ್ಕದ ಆಲುವದ ಒಂದು ಕಾಲೇಜಿನಲ್ಲಿ ಬಿ.ಕಾಂ. ಸೀಟು ಸಿಕ್ಕಿತು. ಆಗಸ್ಟಿಗೆ ಅವಳು ಹೇಗೂ ಕೊಚ್ಚಿಗೆ ಬರುವವಳೇ. ಜೂನಿನ ಒಂದು ಭಾನುವಾರ, ನಾನು ಚೀಲದ ಜಿಪ್ಪು ಎಳೆಯುತ್ತಿದ್ದಾಗ ಹೆಂಡತಿ ಬಂದು ಬಾಗಿಲಲ್ಲಿ ನಿಂತಳು.

“ರೀ, ನಮ್ಮ ಬ್ಯಾಂಕಲ್ಲಿ ಎರಡು ವರ್ಷ ಸಂಬಳ ಇಲ್ಲದ ರಜೆ ಸಿಗತ್ತೆ. ಕೇಳೋಣ ಅಂತಿದೀನಿ.”

“ರಜೆ ಹಾಕಿ ಎಂತ ಮಾಡ್ತಿ?”

“ಏನೂ ಮಾಡಲ್ಲ. ಅದಕ್ಕೇ ಅದನ್ನ ರಜೆ ಅನ್ನೋದು. ಮೂರೂ ಜನ ಒಂದೇ ಮನೇಲಿ ಇರೋಣ. ಭಾನುವಾರ ಸಾಯಂಕಾಲ ಯಾರೂ ಚೀಲ ತುಂಬಬಾರದು, ಅಷ್ಟೇ.”

“ಒಂದೇ ಸಂಬಳದಲ್ಲಿ?”

“ಅದನ್ನೇ ನಿಮ್ಮನ್ನ ಕೇಳ್ತಿರೋದು. ದುಡ್ಡು ನೋಡ್ಕೊಳ್ಳೋದು ನೀವಲ್ವಾ? ಆಗತ್ತೆ ಅಂದ್ರೆ ಆಗತ್ತೆ ಅನ್ನಿ, ಆಗಲ್ಲ ಅಂದ್ರೆ ಆಗಲ್ಲ ಅನ್ನಿ. ಜುಲೈ ಮುಗಿಯೋದ್ರೊಳಗೆ ಅರ್ಜಿ ಕೊಡಬೇಕು.”

“ನೋಡುವ,” ಅಂದೆ.

ನಮ್ಮ ಕಡೆಯವರು ‘ನೋಡುವ’ ಅಂದರೆ ಆ ವಿಷಯವನ್ನು ಇನ್ನು ಯಾರೂ ನೋಡುವುದಿಲ್ಲ ಎಂದೇ ಲೆಕ್ಕ. ಇಪ್ಪತ್ತೆರಡು ವರ್ಷದ ದಾಂಪತ್ಯದಲ್ಲಿ ಅವಳಿಗೆ ಇದು ಚೆನ್ನಾಗಿ ಗೊತ್ತಿತ್ತು. “ನೋಡುವ ಬೇಡ,” ಅಂದಳು. “ಜುಲೈ ಎರಡನೇ ಶನಿವಾರ ನನಗೆ ರಜೆ. ನಿಮ್ಮ ರಿಟರ್ನ್ ಈ ಸಲ ನಾವೇ ಕೂತು ಹಾಕೋಣ. ಅದನ್ನ ಹಾಕ್ಬೇಕಾದ್ರೆ ಇರೋ ಬರೋದೆಲ್ಲ ಒಂದು ಕಡೆ ಬರತ್ತೆ. ಎಲ್ಲಾ ಕಾಗದ ತಗೊಂಡು ಬನ್ನಿ.”

ಇಲ್ಲಿ ಓದುವವರಿಗೆ ಒಂದು ಸಂಶಯ ಬರಬಹುದು: ಬ್ಯಾಂಕಿನವಳು ಮನೆಯ ದುಡ್ಡನ್ನು ನನ್ನಂಥವನ ಕೈಗೆ ಯಾಕೆ ಕೊಟ್ಟಳು? ದಿನವಿಡೀ ಊರಿನವರ ದುಡ್ಡು ನೋಡಿ ಸಾಕಾಗಿರುತ್ತದೆ, ಮನೆಗೆ ಬಂದ ಮೇಲೆ ಅದರ ಮುಖ ಕಾಣಿಸಬೇಡಿ ಎಂದು ಮದುವೆಯಾದ ಹೊಸತರಲ್ಲೇ ಹೇಳಿದ್ದಳು. ನಾನಾದರೋ ಹಡಗಿನಿಂದ ಇಳಿದ ಯಂತ್ರದ ಬಿಡಿಭಾಗಕ್ಕೆ ಎಷ್ಟು ಸುಂಕ, ಗೋಡಂಬಿಗೆ ಎಷ್ಟು ಎಂದು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ನನ್ನ ಸ್ವಂತ ಸಂಬಳಕ್ಕೆ ಎಷ್ಟು ತೆರಿಗೆ ಎಂದು ಕೇಳಿದರೆ ತಲೆ ಕೆರೆದುಕೊಳ್ಳುತ್ತೇನೆ. ಪ್ರತಿ ಜುಲೈಯಲ್ಲಿ ಫಾರಂ ಹದಿನಾರನ್ನು ಲಕೋಟೆಯಲ್ಲಿ ಹಾಕಿ ಎರ್ನಾಕುಳಂನ ಒಬ್ಬ ತೆರಿಗೆ ಸಲಹೆಗಾರರ ಮೇಜಿನ ಮೇಲಿಟ್ಟು, ಅವರು ಪೆನ್ಸಿಲಿನಲ್ಲಿ ಗುರುತು ಹಾಕಿದಲ್ಲಿ ಸಹಿ ಹಾಕಿ, ಫೀಸು ಕೊಟ್ಟು, ಪಕ್ಕದ ಹೋಟೆಲಿನಲ್ಲಿ ಪಳಂಪೊರಿ ಎಂಬ ಬಾಳೆಹಣ್ಣಿನ ಬಜ್ಜಿ ತಿಂದು ಬರುವುದು ನನ್ನ ಪದ್ಧತಿ. ಒಟ್ಟಿನಲ್ಲಿ ಒಬ್ಬಳು ಬ್ಯಾಂಕಿನವಳು, ಒಬ್ಬ ಸುಂಕದವನು ಇರುವ ನಮ್ಮ ಮನೆಯಲ್ಲಿ ದುಡ್ಡಿನ ವಿಷಯ ತಿಳಿದವರು ಯಾರೂ ಇರಲಿಲ್ಲ.

ಸಲಹೆಗಾರರಿಗೆ ಫೋನ್ ಮಾಡಿ ಈ ಸಲ ನಾವೇ ಮಾಡುತ್ತೇವೆ ಅಂದೆ. ಅವರು, “ಧೈರ್ಯ ಉಂಟಲ್ಲ ಸಾರೇ,” ಅಂದರು.

ಇನ್ನು ಚೀಲದ ತಳದ್ದು. ಕೊಚ್ಚಿಯಲ್ಲಿರುವ ಕಾಸರಗೋಡಿನ ಕನ್ನಡಿಗರನ್ನು ಯಾರನ್ನೇ ಕೇಳಿ, ಪ್ರತಿ ಕುಟುಂಬದಲ್ಲೂ ವಿಮೆ ಮಾಡಿಸುವವರು ಒಬ್ಬರು ಇದ್ದೇ ಇರುತ್ತಾರೆ. ನಮ್ಮಲ್ಲಿ ಅದು ಭಾವ. ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದವರು, ನಿವೃತ್ತಿಗೆ ಮೊದಲೇ ಅಕ್ಕನ ಹೆಸರಿನಲ್ಲಿ ಏಜೆನ್ಸಿ ಮಾಡಿಕೊಂಡಿದ್ದರು. ಮಾರ್ಚ್ ಬಂತೆಂದರೆ ಕಚೇರಿಯಲ್ಲಿ ಎಲ್ಲರೂ ತೆರಿಗೆ ಉಳಿಸುವ ಕಾಗದ ಹಿಡಿದುಕೊಂಡು ಓಡಾಡುತ್ತಾರೆ. ನನಗೆ ಎದೆ ಹೊಡೆದುಕೊಳ್ಳುತ್ತದೆ. ಭಾವನಿಗೂ ನನಗೂ ಒಂದು ಫೋನ್ ಮಾತುಕತೆ ನಡೆಯುತ್ತದೆ. ಏಪ್ರಿಲಿನಲ್ಲಿ ನೋಡಿದರೆ ನನ್ನ ಡ್ರಾಯರಿನಲ್ಲಿ ಒಂದು ಹೊಸ ಪಾಲಿಸಿ. ಹೆಂಡತಿಗೆ ಗೊತ್ತಿದ್ದದ್ದು ನಾಲ್ಕು. ನನ್ನ ಡ್ರಾಯರಿನಲ್ಲಿದ್ದದ್ದು ಹನ್ನೊಂದು.

ಮೋಸ ಮಾಡಬೇಕೆಂದು ಮುಚ್ಚಿಟ್ಟದ್ದಲ್ಲ. ಐದನೆಯದನ್ನು ಹೇಳಲು ಒಳ್ಳೆಯ ಸಮಯಕ್ಕೆ ಕಾಯುತ್ತಿದ್ದಾಗ ಆರನೆಯದು ಬಂತು. ಆರನ್ನು ಒಟ್ಟಿಗೆ ಹೇಳುವುದು ಹೇಗೆಂದು ಯೋಚಿಸುತ್ತಿದ್ದಾಗ ಮತ್ತೊಂದು ಮಾರ್ಚ್ ಬಂತು.

ಎರಡನೇ ಶನಿವಾರ ಬೆಳಿಗ್ಗೆ ಪುಟ್ಟು, ಕಡಲೆ ಮುಗಿದ ಮೇಲೆ ಊಟದ ಮೇಜನ್ನು ಒರೆಸಿ ಮೂವರೂ ಕೂತೆವು. ಲ್ಯಾಪ್‌ಟಾಪಿನ ಮುಂದೆ ಮಗಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಮಲಯಾಳದಲ್ಲಿ. ಅವಳು ಹೇಳಿದ್ದನ್ನು ಹೆಚ್ಚಿನ ಕಡೆ ನಾನು ಕನ್ನಡಕ್ಕೆ ತಂದಿದ್ದೇನೆ. ತರುವಾಗ ಸ್ವಲ್ಪ ಮೆತ್ತಗೆ ಮಾಡಿದ್ದೇನೆ.

ತೆರಿಗೆಯ ವೆಬ್‌ಸೈಟು ತೆರೆದುಕೊಂಡಿತು. ಗರಗರ ತಿರುಗಲಿಲ್ಲ. ಓಟಿಪಿ ನನ್ನ ಕೈಯಲ್ಲಿದ್ದ ಫೋನಿಗೇ ಬಂತು. ಇನಿಶಿಯಲ್ಲುಗಳ ಬಗ್ಗೆ ಯಾರೂ ಚಕಾರ ಎತ್ತಲಿಲ್ಲ. ನನಗೆ ಸ್ವಲ್ಪ ನಿರಾಸೆಯೇ ಆಯಿತು.

ಅಲ್ಲಿ ವರ್ಷದ ಮಾಹಿತಿ ಎಂದು ಒಂದು ಪಟ್ಟಿ ಇರುತ್ತದೆ. ಯಾವ ಬ್ಯಾಂಕಿನಲ್ಲಿ ಎಷ್ಟು ಬಡ್ಡಿ ಬಂತು ಎಂಬುದೆಲ್ಲ ಅದರಲ್ಲಿ ಸಾಲಾಗಿ ಬಂದಿರುತ್ತದೆ. ನನಗೇ ಮರೆತುಹೋದದ್ದು, ಹೆಂಡತಿಗೆ ಗೊತ್ತೇ ಇಲ್ಲದ್ದು, ಎಲ್ಲ ಸರಕಾರಕ್ಕೆ ಗೊತ್ತಿತ್ತು. ಡಿಪಾಸಿಟ್ಟುಗಳೇ ಏಳಿದ್ದವು.

“ಇದ್ಯಾವುದು?” ಹೆಂಡತಿ ಪೆನ್ಸಿಲಿನ ತುದಿಯನ್ನು ತೆರೆಗೆ ಒತ್ತಿದಳು.

“ಅದು ಆಪತ್ತಿಗೆ ಅಂತ.”

“ಇದು?”

“ಆಪತ್ತು ಮುಗಿದ ಮೇಲೆ ಇನ್ನೊಂದು ಆಪತ್ತು ಬಂದರೆ.”

“ಇದು? ಇಲ್ಲೇ ಮೆಡಿಕಲ್ ಕಾಲೇಜ್ ಹತ್ರದ ಬ್ರಾಂಚು.”

“ನಿನಗೆ ಅಪೆಂಡಿಕ್ಸ್ ಆದರೆ ಅಂತ ಇಟ್ಟದ್ದು.”

“ನನ್ನ ಅಪೆಂಡಿಕ್ಸ್ ತೆಗೆದು ಎಂಟು ವರ್ಷ ಆಯ್ತಲ್ರೀ.”

“ಆಗಲೇ ಇಟ್ಟದ್ದು. ಮತ್ತೆ ತೆಗೆಯಲಿಕ್ಕೆ ಹೆದರಿಕೆ ಆಯ್ತು.”

“ಏನು, ವಾಪಸ್ ಬೆಳೆಯತ್ತೆ ಅಂತಾನಾ?”

ಮಗಳು ಮೇಜಿಗೆ ಹಣೆ ಇಟ್ಟು ನಕ್ಕಳು. ಎಲ್ಲವನ್ನೂ ಕೂಡಿಸಿದರೆ ಮನೆ ಖರ್ಚಿಗೆ ಏಳೆಂಟು ತಿಂಗಳಿಗೆ ಸಾಕಾಗುವಷ್ಟು ದುಡ್ಡು. ನಾನು ಹೆದರಿ ಹೆದರಿ ಅಲ್ಲಲ್ಲಿ ಹೂತಿಟ್ಟದ್ದನ್ನು ಹೆಂಡತಿ ಒಂದು ಸಾಲಿನಲ್ಲಿ ಬರೆದು ಅಡಿಗೆ ಗೆರೆ ಎಳೆದಳು. “ಇದು ಕೈ ಮುಟ್ಟದ ದುಡ್ಡು. ಏಳು ಕಡೆ ಬೇಡ, ಎರಡು ಕಡೆ ಇರಲಿ. ಒಳ್ಳೇದೇ ಮಾಡಿದೀರಿ,” ಅಂದಳು. ಇಪ್ಪತ್ತೆರಡು ವರ್ಷದಲ್ಲಿ ನನ್ನ ಚಿಂತೆಯ ಬಗ್ಗೆ ಅವಳು ಆಡಿದ ಮೊದಲ ಒಳ್ಳೆಯ ಮಾತು. ಆ ಖುಷಿಯಲ್ಲೇ ನಾನು ಎಡವಿದೆ.

ಮಗಳು ಮುಂದಿನ ಪುಟಕ್ಕೆ ಹೋಗಿದ್ದಳು. “ಅಪ್ಪಾ, ಹಳೇ ಪದ್ಧತಿಯಾ ಹೊಸದಾ?”

“ಎಂತ ವ್ಯತ್ಯಾಸ?”

“ಹಳೇದರಲ್ಲಿ ವಿಮೆ, ಪಿ.ಎಫ್. ಅಂತ ತೋರಿಸಿದರೆ ತೆರಿಗೆ ಕಡಿಮೆ ಆಗ್ತದೆ. ಹೊಸದರಲ್ಲಿ ದರವೇ ಕಡಿಮೆ, ಆದರೆ ಅದನ್ನೆಲ್ಲ ತೋರಿಸುವ ಹಾಗಿಲ್ಲ. ನಿನಗೆ ಎರಡು ವರ್ಷದಿಂದ ಆಫೀಸಿನವರು ಹಿಡಿದದ್ದು ಹೊಸದರ ಪ್ರಕಾರ.”

ಯಾವುದು ಬೇಕೆಂದು ಕೇಳಿ ಕಚೇರಿಯಲ್ಲಿ ಏಪ್ರಿಲಿಗೊಂದು ಫಾರಂ ಕೊಡುತ್ತಾರೆ. ಯಾವುದನ್ನು ಆರಿಸಿದರೂ ತಪ್ಪಾದೀತೆಂದು ಹೆದರಿ ನಾನು ಅದನ್ನು ಡ್ರಾಯರಿನಲ್ಲಿಟ್ಟಿದ್ದೆ. ಉತ್ತರ ಕೊಡದವರಿಗೆ ತಾನಾಗಿಯೇ ಹೊಸದು ಅನ್ವಯವಾಗುತ್ತದಂತೆ.

“ಹಾಗಾದರೆ ಮೊನ್ನೆ ಮಾರ್ಚಿನಲ್ಲಿ ತೆಗೆದದ್ದು...” ಅಂದವನು ನಾಲಿಗೆ ಕಚ್ಚಿಕೊಂಡೆ.

ಹೆಂಡತಿ ಪೆನ್ಸಿಲು ಕೆಳಗಿಟ್ಟಳು. “ಮಾರ್ಚಲ್ಲಿ ಏನು ತೆಗೆದ್ರಿ?”

“ಒಂದು ಸಣ್ಣ ಪಾಲಿಸಿ.”

“ನಾಲ್ಕು ಇದೆಯಲ್ಲ?”

“ಐದು ಅಂತ ಇಟ್ಟುಕೊ.”

ಮಗಳು ಅಷ್ಟರಲ್ಲಿ ನನ್ನ ಬ್ಯಾಂಕಿನ ಸ್ಟೇಟ್‌ಮೆಂಟಿನಲ್ಲಿ ಹುಡುಕಿಯಾಗಿತ್ತು. “ಅಯ್ಯೋ, ಇದೆಂತಾ ಅಪ್ಪಾ? ಹನ್ನೊಂದು ಉಂಟು!”

ನಾನು ಎದ್ದು ಹೋಗಿ ಚೀಲದ ತಳದಿಂದ, ಎರಡು ಲುಂಗಿಗಳ ಕೆಳಗಿನಿಂದ, ಸೀರೆ ಅಂಗಡಿಯ ಪ್ಲಾಸ್ಟಿಕ್ ಕವರನ್ನು ತಂದು ಮೇಜಿನ ಮೇಲೆ ಸುರಿದೆ. ಬಂದರಿನಲ್ಲಿ ಡಬ್ಬದ ಅಡಿಗೆ ಸರಕು ಬಚ್ಚಿಟ್ಟವರನ್ನು ನಾನು ಎಷ್ಟೋ ಸಲ ಹಿಡಿದಿದ್ದೇನೆ. ಅವರ ಮುಖ ಹೇಗಿರುತ್ತದೆಂದು ನನಗೆ ಗೊತ್ತು. ಈಗ ಆ ಮುಖವನ್ನು ಒಳಗಿನಿಂದ ಅನುಭವಿಸಿದೆ.

ಹೆಂಡತಿ ಎದ್ದು ಅಡುಗೆಮನೆಗೆ ಹೋದಳು. ಮೈಸೂರಿನ ಬಸ್ಸು ಎಷ್ಟು ಗಂಟೆಗೆ ಎಂದು ನಾನು ಯೋಚಿಸುತ್ತಿದ್ದೆ. ಮೂರು ಲೋಟ ಚಹಾ ಹಿಡಿದು ಬಂದಳು. ಕೂತು, ಹನ್ನೊಂದನ್ನೂ ಇಸ್ಪೀಟಿನ ಎಲೆಯ ಹಾಗೆ ಹರಡಿದಳು. ಇಷ್ಟು ವರ್ಷ ಅವಳು ಮನೆಯ ಬಾಗಿಲಿನ ಹೊರಗೇ ಚಪ್ಪಲಿಯ ಜತೆ ಬಿಟ್ಟು ಬರುತ್ತಿದ್ದ ಬ್ಯಾಂಕಿನವಳು ಅವತ್ತು ಒಳಗೆ ಬಂದಿದ್ದಳು.

“ಹಳೇ ಪದ್ಧತಿಯಲ್ಲಿ ಇದಕ್ಕೆಲ್ಲ ಸೇರಿ ಒಂದೂವರೆ ಲಕ್ಷದವರೆಗೆ ಮಾತ್ರ ರಿಯಾಯ್ತಿ. ನಿಮ್ಮ ಪಿ.ಎಫ್. ಒಂದೇ ಅದನ್ನ ತುಂಬತ್ತೆ. ಅಂದ್ರೆ ಹಳೇದರಲ್ಲೂ ಇವು ಬೇಕಿರಲಿಲ್ಲ, ಹೊಸದರಲ್ಲೂ ಬೇಕಿಲ್ಲ.” ಚಹಾ ಗುಟುಕರಿಸಿದಳು. “ಕಂತು ಎಲ್ಲಾ ಸೇರಿ ತಿಂಗಳಿಗೆ ಇಪ್ಪತ್ತೆರಡು ಸಾವಿರ. ನೀವು ಹೋದ್ರೆ ನಮಗೆ ಬರೋದು ಹನ್ನೊಂದೂ ಸೇರಿ ಹದಿನೆಂಟು ಲಕ್ಷ. ಒಂದೂವರೆ ವರ್ಷದ ಖರ್ಚು. ಸತ್ತರೂ ಲಾಭ ಇಲ್ಲ, ಬದುಕಿದ್ರೂ ನಷ್ಟ. ಹಾಗೆ ಮಾಡಿಟ್ಟಿದೀರಿ ನೀವು.”

“ಉಳಿತಾಯ ಅಲ್ವಾ ಅಂತ...”

“ನನಗೆ ಯಾಕೆ ಹೇಳಲಿಲ್ಲ?”

“ನಿನಗೆ ಚಿಂತೆ ಆಗ್ತದೆ ಅಂತ.”

“ನನಗೆ ಚಿಂತೆ ಆಗಿದ್ರೆ ಅವತ್ತೇ ನಿಲ್ಲಿಸ್ತಿದ್ದೆ. ನಿಮ್ಮ ಚಿಂತೆಗೆ ಕಂತು ಇದೆ, ಅದು ಇಪ್ಪತ್ತು ವರ್ಷ ನಡೆಯತ್ತೆ.”

ಅದು ನಿಜವಾಗಿತ್ತು. ಮಾರ್ಚಿನಲ್ಲಿ ಒಂದು ವಾರ ನೆಮ್ಮದಿಯಾಗಿರಲು ನಾನು ಇಪ್ಪತ್ತು ವರ್ಷ ದುಡ್ಡು ಕಟ್ಟಲು ಒಪ್ಪಿ ಸಹಿ ಹಾಕುತ್ತಿದ್ದೆ. ಅಂಥ ಹನ್ನೊಂದು ವಾರಗಳು ಮೇಜಿನ ಮೇಲೆ ಹರಡಿ ಬಿದ್ದಿದ್ದವು, ಮತ್ತು ಅವು ಅವಳ ಎರಡು ವರ್ಷಕ್ಕೆ ಅಡ್ಡ ಕೂತಿದ್ದವು. ಯಾಕೆಂದರೆ ಮಗಳು ಲೆಕ್ಕ ಹಾಕಿ ಮುಗಿಸಿದ್ದಳು: ಶ್ರೀಕಾರ್ಯಂನ ಬಾಡಿಗೆ, ನನ್ನ ವಾರವಾರದ ರೈಲು ಎರಡೂ ನಿಂತರೂ, ಅವಳ ಕಾಲೇಜು ಫೀಸು ಸೇರಿ, ನನ್ನೊಬ್ಬನ ಸಂಬಳದಲ್ಲಿ ತಿಂಗಳಿಗೆ ಹನ್ನೊಂದು ಸಾವಿರ ಕಡಿಮೆ ಬೀಳುತ್ತಿತ್ತು.

“ಅಮ್ಮ ರಜೆ ಹಾಕೋ ಹಾಗಿಲ್ಲ,” ಅಂದಳು ಮಗಳು. ಅಷ್ಟು ಹೊತ್ತು ನಗುತ್ತಿದ್ದವಳು ಈಗ ನಗುತ್ತಿರಲಿಲ್ಲ. ಹೆಂಡತಿ ಬೈದಿದ್ದರೆ ಚೆನ್ನಾಗಿತ್ತು. ಖಾಲಿ ಲೋಟಗಳನ್ನು ಒಂದರೊಳಗೊಂದು ಇಟ್ಟಳು, ತೆಗೆದಳು, ಮತ್ತೆ ಇಟ್ಟಳು.

ನನಗೆ ಆಗ ಏನಾಯಿತೋ, ಜೀವನದಲ್ಲಿ ಮೊದಲ ಸಲ ‘ನೋಡುವ’ ಅನ್ನದೆ ನೋಡಿದೆ. ಸುಂಕದ ಕಚೇರಿಯಲ್ಲಿ ಸರಕಿನ ಪಟ್ಟಿ ಓದುವ ಹಾಗೆ, ಒಂದೊಂದೇ ಪಾಲಿಸಿಯನ್ನು ಮೊದಲಿನಿಂದ ಕೊನೆಯವರೆಗೆ, ಸಣ್ಣ ಅಕ್ಷರವನ್ನೂ ಬಿಡದೆ ಓದಿದೆ. ಸಹಿ ಹಾಕಿದ ಮೇಲೆ ಅವನ್ನು ತೆರೆದದ್ದು ಅದೇ ಮೊದಲು. ಮಧ್ಯಾಹ್ನದ ಊಟದ ಹೊತ್ತಿಗೆ ಮೂರು ಗುಂಪು ಮಾಡಿದ್ದೆ. ಮೂರು ಪಾಲಿಸಿಗಳು ಇನ್ನೊಂದೆರಡು ವರ್ಷದಲ್ಲಿ ಮುಗಿಯುವಂಥವು. ಅವನ್ನು ಈಗ ಬಿಟ್ಟರೆ ದಡ್ಡತನ. ಆರು ಪಾಲಿಸಿಗಳಿಗೆ ಇನ್ನು ಕಂತು ಕಟ್ಟದಿದ್ದರೂ ನಡೆಯುತ್ತದೆ. ಕಟ್ಟಿದಷ್ಟಕ್ಕೆ ತಕ್ಕಂತೆ ಮೊತ್ತ ಇಳಿಸಿ, ಅವಧಿ ಮುಗಿದಾಗ ಕೊಡುತ್ತಾರೆ. ಕೊನೆಯ ಎರಡು ಹೊಸವು. ನಿಲ್ಲಿಸಿದರೆ ಕಟ್ಟಿದ್ದರಲ್ಲಿ ಹೆಚ್ಚಿನದು ಹೋಯಿತೆಂದೇ ಲೆಕ್ಕ. ಹೋಗಲಿ ಅಂದೆ.

ತಿಂಗಳಿಗೆ ಹದಿನೈದು ಸಾವಿರ ಬಿಡುಗಡೆಯಾಯಿತು. ಹನ್ನೊಂದರ ಕೊರತೆ ತುಂಬಿ ನಾಲ್ಕು ಉಳಿಯಿತು. ಅದರಲ್ಲಿ ಬರೀ ವಿಮೆ ಮಾತ್ರ ಇರುವ, ಬದುಕಿದರೆ ಏನೂ ವಾಪಸು ಬಾರದ ಪಾಲಿಸಿ ಒಂದನ್ನು ಮಾಡಿಸಲೇಬೇಕೆಂದು ಹೆಂಡತಿ ಹಟ ಹಿಡಿದಳು. ನನ್ನ ವಯಸ್ಸಿಗೆ ಕಂತು ತಿಂಗಳಿಗೆ ಎರಡು ಸಾವಿರದ ಎಂಟುನೂರು.

“ಇದರಲ್ಲಿ ನಾನು ಹೋದರೆ ಎಷ್ಟು ಬರ್ತದೆ?”

“ಐವತ್ತು ಲಕ್ಷ.”

“ಹಾಗಾದರೆ ಈಗ ನಾನು ಬದುಕಿರುವುದೇ ನಷ್ಟ.”

“ಇರಿ, ಇರಿ. ಕುಕ್ಕರ್ ತೊಳೆಯೋಕೆ ಬೇಕಲ್ಲ,” ಅಂದಳು. ಬೆಳಿಗ್ಗೆಯಿಂದ ಮೊದಲ ಸಲ ನಕ್ಕಿದ್ದಳು.

ತಿಂಗಳಿಗೆ ಒಂದು ಸಾವಿರದ ಇನ್ನೂರು ಉಳಿಯಿತು. ಮಗಳು ಅದನ್ನು ಎರಡು ಸಲ ಕೂಡಿಸಿ ನೋಡಿದಳು. ನಾನು ಮೂರನೇ ಸಲ ಕೂಡಿಸಲು ಹೋದಾಗ ಲ್ಯಾಪ್‌ಟಾಪನ್ನು ತನ್ನ ಕಡೆ ಎಳೆದುಕೊಂಡು, “ಮತಿ ಅಪ್ಪಾ, ಮತಿ!” ಅಂದಳು, ಸಾಕೆಂದರೆ ಸಾಕು ಎನ್ನುವ ಧಾಟಿಯಲ್ಲಿ.

ಉಳಿದದ್ದು ಭಾವ. ಅವರಿಗೆ ಹೇಳದೆ ನಿಲ್ಲಿಸುವುದು ಸರಿಯಲ್ಲ. ಮೂರು ಸಲ ನಂಬರು ಒತ್ತಿ, ರಿಂಗಾಗುವ ಮೊದಲೇ ಕತ್ತರಿಸಿದೆ. ನಾಲ್ಕನೇ ಸಲ ಹೆಂಡತಿ ಫೋನನ್ನು ಕಿತ್ತುಕೊಂಡು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಳು.

“ಭಾವ, ಒಂದು ವಿಷಯ. ಬೇಜಾರು ಮಾಡ್ಕೊಳ್ಬೇಡಿ. ಪಾಲಿಸಿ ಕೆಲವು ನಿಲ್ಲಿಸುವ ಅಂತ...”

ಮದುವೆಯ ಪಂಕ್ತಿ ನನ್ನ ಕಣ್ಣೆದುರು ಬಂತು.

“ಅಬ್ಬಾ! ಕೊನೆಗೂ ಹೇಳಿದ್ರಲ್ಲ ಭಾವ,” ಅಂದರು ಅವರು; ನಮ್ಮ ಕಡೆ ಭಾವಂದಿರು ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುವುದು. “ಪ್ರತಿ ಮಾರ್ಚಿನಲ್ಲಿ ಫೋನ್ ಮಾಡುವುದು ಯಾರು? ನೀವಲ್ವಾ? ‘ಭಾವ, ಎಂತಾದ್ರೂ ಒಂದು ಮಾಡಿಸಿ, ಇಲ್ಲದಿದ್ರೆ ನಿದ್ದೆ ಬರುವುದಿಲ್ಲ’ ಅಂತ. ಆರನೆಯದಕ್ಕೇ ಸಾಕು ಅಂತ ಹೇಳ್ಬೇಕು ಅಂತ ಇತ್ತು ನನಗೆ. ನಿಮ್ಮ ಅಕ್ಕ ಬಿಡ್ಲಿಲ್ಲ. ಬೇಡ ಅಂದ್ರೆ ಅವನು ಹೆದರಿ ಸಾಯ್ತಾನೆ, ಸಣ್ಣದೊಂದು ಮಾಡಿ ಕೊಡಿ ಅಂತ.”

ಮೇಜಿನ ಆಚೆ ಕಡೆ ಇಬ್ಬರು ಹೆಂಗಸರು ಬಾಯಿಗೆ ಸೆರಗು, ಶಾಲು ಒತ್ತಿಕೊಂಡು ಕೂತಿದ್ದರು.

ಸಂಜೆ ನಾಲ್ಕಕ್ಕೆ ರಿಟರ್ನ್ ಕಳಿಸಿದೆವು. ಎರಡನ್ನೂ ಹೋಲಿಸಿ ನೋಡಿದಾಗ ನನಗೆ ಹೊಸ ಪದ್ಧತಿಯೇ ಅಗ್ಗವಾಗಿತ್ತು. ಫಾರಂ ಡ್ರಾಯರಿನಲ್ಲಿಟ್ಟು ಹೇಡಿತನದಿಂದ ಮಾಡಿದ್ದು ಸರಿಯಾದದ್ದೇ ಆಗಿತ್ತು. ತೆರಿಗೆ ಬಾಕಿಯೂ ಇರಲಿಲ್ಲ. ಬಡ್ಡಿಗೆ ಎಷ್ಟು ತೆರಿಗೆ ಬಿದ್ದೀತೋ ಎಂದು ಹೆದರಿ ಫೆಬ್ರವರಿಯಲ್ಲೇ ‘ಸ್ವಲ್ಪ ಜಾಸ್ತಿಯೇ ಹಿಡಿಯಿರಿ’ ಎಂದು ಕಚೇರಿಯಲ್ಲಿ ಬರೆದುಕೊಟ್ಟಿದ್ದರಿಂದ, ಸರಕಾರವೇ ನನಗೆ ಆರುನೂರ ನಲವತ್ತು ರೂಪಾಯಿ ಕೊಡಬೇಕಾಗಿತ್ತು. ವಾರ ಕಳೆಯುವುದರೊಳಗೆ ಅದು ಖಾತೆಗೂ ಬಂತು.

ಸೋಮವಾರ ಹೆಂಡತಿ ಅರ್ಜಿ ಕೊಟ್ಟಳು. ತಿಂಗಳ ಕೊನೆಗೆ ರಜೆ ಮಂಜೂರಾಯಿತು. ಆಗಸ್ಟಿನಲ್ಲಿ ಒಂಬತ್ತು ವರ್ಷದ ಸಂಸಾರವನ್ನು ಒಂದು ಲಾರಿಗೆ ತುಂಬಿಸಿ ಕೊಚ್ಚಿಗೆ ತಂದೆವು. ಲಾರಿ ಎಲ್ಲೂ ಮಗುಚಿಕೊಳ್ಳಲಿಲ್ಲ. ಫ್ರಿಜ್ಜು ಬಾಗಿಲಲ್ಲಿ ಹಿಡಿಸಿತು. ನನ್ನ ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಪೆಟ್ಟಿಗೆಗಳು. ಭಾನುವಾರ ಸಂಜೆ ಐದಕ್ಕೆ ನನ್ನ ಕೈ ತಾನಾಗಿ ಚೀಲ ಹುಡುಕಿತು. ಹೆಂಡತಿ ನೋಡಿ, ಚೀಲವನ್ನು ಕಸಿದು, ಅದರಲ್ಲಿ ಈರುಳ್ಳಿ ತುಂಬಿ ಮೂಲೆಗಿಟ್ಟಳು. ಮೂವರೂ ಪೆಟ್ಟಿಗೆಗಳ ಮೇಲೆ ಕೂತು ಚಹಾ ಕುಡಿದೆವು. ಯಾರೂ ಎಲ್ಲಿಗೂ ಹೋಗುವುದಿರಲಿಲ್ಲ. ಇಷ್ಟು ಸುಖವಾಗಿರುವಾಗ ಏನು ಚಿಂತೆ ಮಾಡುವುದೆಂದು ತೋಚದೆ ನಾನು ಸುಮ್ಮನೆ ಕೂತಿದ್ದೆ.

ಕಾಗದಗಳ ಪೆಟ್ಟಿಗೆ ಬಿಚ್ಚುತ್ತಿದ್ದ ಮಗಳು ಒಂದು ಲಕೋಟೆ ಎತ್ತಿ ಹಿಡಿದಳು. “ಇದು ಅಮ್ಮನ ಫಾರಂ ಹದಿನಾರು. ಅಮ್ಮನ ರಿಟರ್ನ್ ಯಾರು ಹಾಕಿದ್ದು?”

“ಅಪ್ಪ,” ಅಂದಳು ಹೆಂಡತಿ. “ವರ್ಷವೂ ಇಬ್ಬರದ್ದೂ ಅವರೇ ತಗೊಂಡು ಹೋಗಿ ಆ ಸಲಹೆಗಾರರಿಗೆ ಕೊಡ್ತಾರಲ್ಲ.”

“ಈ ವರ್ಷ ಅವರಿಗೆ ಬೇಡ ಅಂತ ಹೇಳಿದ್ದೆವಲ್ಲ,” ಅಂದೆ. “ನೀನು ಬ್ಯಾಂಕಿನವಳು, ನೀನೇ ಹಾಕಿರ್ತಿ ಅಂತ ನಾನು...”

ಮೂವರೂ ಗೋಡೆಯ ಕ್ಯಾಲೆಂಡರು ನೋಡಿದೆವು. ಕೊನೆಯ ದಿನ ಜುಲೈ ಮೂವತ್ತೊಂದು ಆಗಿತ್ತು. ಅವತ್ತು ಆಗಸ್ಟ್ ಮೂರನೇ ವಾರ. ಮಗಳು ಲ್ಯಾಪ್‌ಟಾಪ್ ತೆರೆದು ನೋಡಿ ಹೇಳಿದಳು: ಡಿಸೆಂಬರಿನವರೆಗೆ ಹಾಕಬಹುದು, ತಡವಾದದ್ದಕ್ಕೆ ಐದು ಸಾವಿರ ರೂಪಾಯಿ ದಂಡ.